ರಿಟೈರಾದರೂ ಡ್ಯೂಟಿ ಬಿಡದ ಪರಮಾಣು

ಪೋತ್ತನೂರು ಜಂಕ್ಷನ್ನಿನ ಹೊರಗೆ, ಟ್ಯೂಷನ್ ಸೆಂಟರೊಂದರ ಫ್ಲೆಕ್ಸಿನ ಮೇಲೆ, ಹಿರಿಯರೊಬ್ಬರು ಹಗಲಿರುಳು ಡ್ಯೂಟಿಯಲ್ಲಿದ್ದಾರೆ. ನಡುವೆ ಕೆಂಪು ಉಂಡೆ, ಸುತ್ತ ಮೂರು ಮೊಟ್ಟೆಯಾಕಾರದ ಗೆರೆ, ಗೆರೆಗೊಂದು ನೀಲಿ ಚುಕ್ಕೆ. ಪರಮಾಣು ಎಂದರೆ ಜಗತ್ತಿಗೆಲ್ಲ ಗೊತ್ತಿರುವ ಮುಖ ಇದೇ. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಲಾಂಛನದಲ್ಲಿ ಇವರ ದಾಯಾದಿಯೊಬ್ಬರು ಕೂತಿದ್ದಾರೆ.

ಪತ್ರಿಕೆಯ ಪ್ರತಿನಿಧಿ ಕನ್ನಡದಲ್ಲಿ ನಮಸ್ಕಾರ ಹೇಳಿದಾಗ ಪಟ ಕನ್ನಡದಲ್ಲೇ ಉತ್ತರಿಸಿತು. ಕೊಯಮತ್ತೂರಿನ ಕನ್ನಡ ಮಾತಾಡುವ ದೇವಾಂಗರ ಮನೆ ಮಕ್ಕಳು ಟ್ಯೂಷನ್ನಿಗೆ ಬರುತ್ತಾರಂತೆ. ಅವರ ಮಾತು ಕೇಳಿ ಕೇಳಿ ಕಲಿತದ್ದಂತೆ.

ಪ್ರತಿನಿಧಿ: ತಮ್ಮ ವಂಶದ ಮೂಲಪುರುಷರು ಕಣಾದ ಮಹರ್ಷಿಗಳೇ ಅಂತ ಭಾಷಣಗಳಲ್ಲಿ ಕೇಳಿದ್ದೇವೆ.

ಪಟ: ದೊಡ್ಡವರು, ಬುದ್ಧಿವಂತರು. ವಸ್ತುವನ್ನು ಕೊನೆಯಿಲ್ಲದೆ ಒಡೆಯುತ್ತಾ ಹೋಗಬಹುದಾದರೆ ಮೇರು ಪರ್ವತಕ್ಕೂ ಸಾಸಿವೆ ಕಾಳಿಗೂ ವ್ಯತ್ಯಾಸವೇ ಉಳಿಯದಲ್ಲ ಅಂತ ನ್ಯಾಯ-ವೈಶೇಷಿಕದವರು ವಾದ ಹೂಡಿದರು. ತರ್ಕದಲ್ಲಿ ಹುಳುಕಿಲ್ಲ. ಆದರೆ ಅವರ ಕೈಯಲ್ಲಿ ತಕ್ಕಡಿ ಇರಲಿಲ್ಲ. ತಕ್ಕಡಿ ಹಿಡಿದು ಬಂದವರು ಇಂಗ್ಲೆಂಡಿನ ಮೇಷ್ಟ್ರು ಜಾನ್ ಡಾಲ್ಟನ್. 1803ರಲ್ಲಿ ತೂಕದ ಪಟ್ಟಿ ಮಾಡಿದರು, 1808ರಲ್ಲಿ ಪುಸ್ತಕ ತಂದರು. ಅವರ ಪರಮಾಣು ಒಡೆಯಲಾರದ ಉಂಡೆ. ನೀರಲ್ಲಿ ಒಂದು ಹೈಡ್ರೋಜನ್ನಿಗೆ ಒಂದೇ ಆಕ್ಸಿಜನ್ ಅಂತ ಬರೆದರು. ಈ ಸೆಂಟರಿನ ಯೂನಿಟ್ ಟೆಸ್ಟಿನಲ್ಲಿ ಹಾಗೆ ಬರೆದಿದ್ದರೆ ಸೊನ್ನೆ.

ಪ್ರತಿನಿಧಿ: ಒಡೆಯಲಾರದ ಉಂಡೆ ಒಡೆದದ್ದು ಯಾವಾಗ?

ಪಟ: 1897ರಲ್ಲಿ. ಜೆ.ಜೆ. ಥಾಮ್ಸನ್ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಕಿರಣ ಬಗ್ಗಿಸಿ ಎಲೆಕ್ಟ್ರಾನ್ ಹಿಡಿದರು. ಅದು ಪರಮಾಣುವಿನೊಳಗಿನದೇ. ಹಾಗಾದರೆ ಧನ ವಿದ್ಯುತ್ತು ಎಲ್ಲಿದೆ? ಇಡೀ ಉಂಡೆಯಲ್ಲಿ ಹರಡಿದೆ, ಎಲೆಕ್ಟ್ರಾನುಗಳು ಅದರೊಳಗೆ ಅಲ್ಲಲ್ಲಿ ಕೂತಿವೆ ಅಂದರು. ಅವರದು 1904ರ ಚಿತ್ರ. ಅದೇ ವರ್ಷ ಜಪಾನಿನ ನಾಗಾಓಕ, ನಡುವೆ ಒಂದು ಗಟ್ಟಿ, ಸುತ್ತ ಶನಿಗ್ರಹದ ಹಾಗೆ ಬಳೆ ಅಂದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ.

ಮುಂದಿನ ಭಾಗ ಬಂದಾಗ ಪಟದ ದನಿ ಏರಿತು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರು ಗೈಗರ್ ಎಂಬ ಸಹಾಯಕರಿಗೂ, ಇನ್ನೂ ಪದವಿ ಮುಗಿಸಿರದ 20ರ ಹುಡುಗ ಮಾರ್ಸ್ಡನ್ನನಿಗೂ ಒಂದು ಕೆಲಸ ಹಚ್ಚಿದರು. ತೆಳು ಲೋಹದ ಹಾಳೆಗೆ ಆಲ್ಫಾ ಕಣ ಹೊಡೆಯುವುದು, ಕತ್ತಲಲ್ಲಿ ಕೂತು ಜಿಂಕ್ ಸಲ್ಫೈಡ್ ಪರದೆಯ ಮಿಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುವುದು. ಸುಮಾರು 8,000ಕ್ಕೊಂದು ಕಣ ಬಂದ ಕಡೆಗೇ ವಾಪಸ್ಸು ತಿರುಗಿತು. ಹರಡಿದ ಧನ ವಿದ್ಯುತ್ತಿಗೆ ಅಷ್ಟು ಬಲವಾಗಿ ತಳ್ಳಲು ಸಾಧ್ಯವಿಲ್ಲ. 1911ರಲ್ಲಿ ರುದರ್‌ಫೋರ್ಡರು ನಡುವೆ ನ್ಯೂಕ್ಲಿಯಸ್ ಇಟ್ಟರು. “ಈ ಕೆಂಪು ಉಂಡೆಯ ಜನ್ಮ ಆಗಲೇ ಆದದ್ದು” ಎಂದಿತು ಪಟ.

ಪ್ರತಿನಿಧಿ: ಉಂಡೆ ಸ್ವಲ್ಪ ದೊಡ್ಡದಾಯಿತಲ್ಲವೇ?

ಪಟ: (ಕೆಮ್ಮಿ) ಅಳತೆ ಕೇಳಬೇಡಿ ಸ್ವಾಮಿ. ಹೈಡ್ರೋಜನ್ನಿನ ನ್ಯೂಕ್ಲಿಯಸ್ಸನ್ನು 20 ಸೆಂ.ಮೀ. ಅಡ್ಡಳತೆಯ ಚೆಂಡು ಮಾಡಿ ಪೋತ್ತನೂರು ಪ್ಲಾಟ್‌ಫಾರ್ಮಿನಲ್ಲಿ ಇಟ್ಟರೆ, ಎಲೆಕ್ಟ್ರಾನ್ ಸುಮಾರು 6 ಕಿ.ಮೀ. ಆಚೆ, ಕೊಯಮತ್ತೂರು ಜಂಕ್ಷನ್ನಿನ ಆಸುಪಾಸಿನಲ್ಲಿರುತ್ತದೆ. ನಡುವೆ ಖಾಲಿ. ಅಷ್ಟುದ್ದದ ಫ್ಲೆಕ್ಸಿಗೆ ಕಾರ್ಪೊರೇಷನ್ ಪರವಾನಗಿ ಕೊಡುತ್ತದೆಯೇ?

ಪ್ರತಿನಿಧಿ: ಸುತ್ತುವ ಎಲೆಕ್ಟ್ರಾನ್ ಬೆಳಕು ಚೆಲ್ಲಿ ಶಕ್ತಿ ಕಳೆದುಕೊಂಡು ಕಣ್ಣು ಮಿಟುಕಿಸುವುದರೊಳಗೆ ನ್ಯೂಕ್ಲಿಯಸ್ಸಿಗೆ ಬೀಳಬೇಕಿತ್ತಲ್ಲ?

ಪಟ: ಅದನ್ನೇ ನೀಲ್ಸ್ ಬೋರ್ ಎಂಬ ಡೆನ್ಮಾರ್ಕಿನ ಯುವಕ 1913ರಲ್ಲಿ ಸರಿಪಡಿಸಿದ್ದು. ಎಲೆಕ್ಟ್ರಾನ್ ಗೊತ್ತಾದ ಕಕ್ಷೆಗಳಲ್ಲಿ ಮಾತ್ರ ಇರುತ್ತದೆ, ಅಲ್ಲಿರುವಾಗ ಬೆಳಕು ಚೆಲ್ಲುವುದಿಲ್ಲ, ಕೆಳಗಿನ ಕಕ್ಷೆಗೆ ಹಾರುವಾಗ ಮಾತ್ರ ಚೆಲ್ಲುತ್ತದೆ. ಹೈಡ್ರೋಜನ್ನಿನ ಬಣ್ಣದ ಗೆರೆಗಳು ಲೆಕ್ಕಕ್ಕೆ ಸರಿಯಾಗಿ ಕೂತವು. ಅದೇ ನನ್ನ ಯೌವನ.

ಎದುರಿನ ಹೋಟೆಲಿನಲ್ಲಿ ಅನ್ನದ ಪಾತ್ರೆ ಉಕ್ಕಿ, ಉಪ್ಪುನೀರು ಗ್ಯಾಸ್ ಒಲೆಗೆ ಚೆಲ್ಲಿತು. ನೀಲಿ ಉರಿ ಒಂದು ಕ್ಷಣ ಹಳದಿಯಾಗಿ ಭುಗಿಲೆದ್ದಿತು. ಪಟ ಮುಖ ತಿರುಗಿಸಿತು.

ಆ ಹಳದಿ ಉಪ್ಪಿನೊಳಗಿನ ಸೋಡಿಯಮ್ಮಿನದು. ರೋಹಿತದರ್ಶಕದಲ್ಲಿ ನೋಡಿದರೆ ಅದು ಒಂದಲ್ಲ, ಒತ್ತೊತ್ತಿಗಿರುವ ಎರಡು ಗೆರೆ: 589.0 ಮತ್ತು 589.6 ನ್ಯಾನೋಮೀಟರ್. ಯಾಕೆ ಎರಡು ಎಂದು ಬೋರರ ಕಕ್ಷೆಗಳು ಹೇಳಲಾರವು. ಎರಡೇ ಎಲೆಕ್ಟ್ರಾನುಗಳ ಹೀಲಿಯಮ್ಮಿನಲ್ಲೂ ಲೆಕ್ಕ ತಪ್ಪಿತು. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಲೆಕ್ಟ್ರಾನಿಗೆ ಸ್ಪಿನ್ ಇದೆ ಎಂದರು. ಎರಡು ಗೆರೆಗಳ ಗುಟ್ಟು ಅಲ್ಲಿತ್ತು. 1926ರಲ್ಲಿ ಶ್ರೋಡಿಂಗರರ ಸಮೀಕರಣ ಬಂತು. ಕಕ್ಷೆಯ ಗೆರೆ ಹೋಗಿ, ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂದು ಹೇಳುವ ಮಸುಕು ಮೋಡ ಉಳಿಯಿತು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದ ಹೊತ್ತಿಗೆ ಪಟ ರಿಟೈರಾಗಿ ಆರು ವರ್ಷ.

ಪ್ರತಿನಿಧಿ: ಮತ್ತೆ ಇನ್ನೂ ಇಲ್ಲಿ?

ಪಟ: ಆರ್ಡರ್ ನನ್ನ ಕೈಸೇರಿಲ್ಲ. ಹೇಳುತ್ತೇನೆ ಕೇಳಿ. ಡಾಲ್ಟನ್ ಉಂಡೆಯನ್ನು ಥಾಮ್ಸನ್ ಒಡೆದರು, ಥಾಮ್ಸನ್ ಮಾದರಿಯನ್ನು ಅವರ ಶಿಷ್ಯ ರುದರ್‌ಫೋರ್ಡೇ ಕೆಡವಿದರು, ಅದನ್ನು ಅವರಲ್ಲಿಗೆ ಕಲಿಯಲು ಬಂದ ಬೋರ್ ತಿದ್ದಿದರು. ಪ್ರಯೋಗಾಲಯದಲ್ಲಿ ಗುರುವಿನ ಚಿತ್ರ ತಿದ್ದಿದ ಶಿಷ್ಯನಿಗೆ ನೊಬೆಲ್ ಸಿಗುತ್ತದೆ. ಇಲ್ಲಿ ಮೇಷ್ಟ್ರು ಬರೆದ ಚಿತ್ರವನ್ನು ಹಾಗೇ ಇಳಿಸಿದವನಿಗೆ ಐದು ಮಾರ್ಕು. ಹುಡುಗ ಮೋಡ ಬರೆದರೆ ಮೌಲ್ಯಮಾಪಕರು ಶಾಯಿ ಚೆಲ್ಲಿದೆ ಅಂದುಕೊಳ್ಳುತ್ತಾರೆ. ಹನ್ನೊಂದನೇ ಕ್ಲಾಸಿನಲ್ಲಿ ಮೋಡ ಕಲಿಸುತ್ತಾರೆ ನಿಜ. ಅಷ್ಟರಲ್ಲಿ ನಾನು ತಲೆಯೊಳಗೆ ಮನೆ ಕಟ್ಟಿ ಗೃಹಪ್ರವೇಶವೂ ಆಗಿರುತ್ತದೆ.

ಅಷ್ಟರಲ್ಲಿ ಏಣಿ ಹೊತ್ತು ಫ್ಲೆಕ್ಸಿನ ಹುಡುಗರು ಬಂದರು. ಈ ಸಲದ ಟಾಪರ್ ಹತ್ತು ಮಂದಿ. ನೀಲಿ ಚುಕ್ಕೆಗಳ ಜಾಗದಲ್ಲಿ ಅವರ ಫೋಟೋ, ನ್ಯೂಕ್ಲಿಯಸ್ಸಿನಲ್ಲಿ ಡೈರೆಕ್ಟರ್ ಸಾಹೇಬರ ಫೋಟೋ. ಯಾರನ್ನು ಎಲ್ಲಿ ಕೂರಿಸುವುದು ಎಂದು ಹುಡುಗರು ಚರ್ಚೆಗೆ ನಿಂತರು. ಮೂರನೇ ರ‍್ಯಾಂಕಿನ ಹುಡುಗನ ತಂದೆ ಮಗನನ್ನು ಒಳಗಿನ ಗೆರೆಯಲ್ಲೇ ಹಾಕಬೇಕು ಎಂದು ಫೋನಿನಲ್ಲಿ ಪಟ್ಟು ಹಿಡಿದಿದ್ದರಂತೆ.

“ಸಾಧ್ಯವೇ ಇಲ್ಲ” ಎಂದಿತು ಪಟ. “ಒಳಗಿನ ಕಕ್ಷೆಯಲ್ಲಿ ಇಬ್ಬರಿಗೆ ಮಾತ್ರ ಜಾಗ. ಉಳಿದ ಎಂಟು ಮಂದಿ ಆಚೆ ಕಕ್ಷೆಗೆ. ಎರಡು, ಎಂಟು, ಒಟ್ಟು ಹತ್ತು. ಅಲ್ಲಿಗೆ ನಾನು ನಿಯಾನ್ ಆದೆ. ಸಾಹೇಬರಿಗೆ ಹೇಳಿ, ಇನ್ನು ಹೊಸ ಅಡ್ಮಿಷನ್ ಯಾವುದೂ ಅಂಟಿಕೊಳ್ಳುವುದಿಲ್ಲ.”