ಅರ್ಧ ಕಿಲೋಮೀಟರಿನ ಮಹಾಯಾನ

ಅರಸೀಕೆರೆಯಲ್ಲಿ ಸಮುದ್ರದ ಸುದ್ದಿ ಸಿಗುವುದು ಒಂದೇ ಕಡೆ, ರೈಲ್ವೆ ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡಿನಲ್ಲಿ. ಊರಿನ ಹೆಸರಿನ ಜೊತೆಗೆ ನಾವು ಸಮುದ್ರಮಟ್ಟದಿಂದ ಎಷ್ಟು ಮೇಲಿದ್ದೇವೆ ಎಂದೂ ಅಲ್ಲಿ ಬರೆದಿರುತ್ತಾರೆ. 800 ಮೀಟರಿಗೂ ಹೆಚ್ಚು. ಅಷ್ಟು ಮೇಲೆ ಕೂತವರಿಗೆ ಕಡಲಿನ ಉಸಾಬರಿ ಯಾಕೆ ಎಂದು ನಾವೂ ಸುಮ್ಮನಿದ್ದೆವು. ಐರ್ಲೆಂಡಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ ಮೇಲೆ ಎಲ್ಲ ಕೆಟ್ಟಿತು.

ಜಾಗದ ಹೆಸರು ಜೈಂಟ್ಸ್ ಕಾಸ್‌ವೇ. ಹುಡುಗ ಕಡಲ ಮೇಲಿನ ಕಡಿದಾದ ಬಂಡೆಯಂಚಿನಲ್ಲಿ ಜರ್ಕಿನ್ ಹಾಕಿಕೊಂಡು ನಡೆಯುತ್ತಿದ್ದಾನೆ. ಕೆಳಗೆ ಆರು ಮೂಲೆಯ ಕಲ್ಲಿನ ಕಂಬಗಳು, ಸಾವಿರಗಟ್ಟಲೆ. ಅವನಪ್ಪ, ಅಂದರೆ ನಮ್ಮ ಬೇಲೂರಿನ ಭಾವ, ಪ್ರವಾಸಿಗರಿಗೆ ಗುಡಿ ತೋರಿಸುವವರು. 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದಮೇಲಿನದೆಲ್ಲ ಅವರ ಲೆಕ್ಕದಲ್ಲಿ ಹೊಸದು. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, "ಕಂಬ ನಮ್ಮೂರಲ್ಲಿಲ್ವಾ?" ಅಂದರು. "ಹಿಂದುಗಡೆ ಸಮುದ್ರ ಇಲ್ವಲ್ಲ ಮಾವ" ಅಂದಳು ನನ್ನ ಮಗಳು. ಆ ಮಾತು ನಾಟಿತು. ದ್ವೀಪವೊಂದರ ಕಡಲಂಚಿನಲ್ಲಿ ನಾವೂ ನಡೆಯಬೇಕೆಂದು ಅಂದೇ ತೀರ್ಮಾನವಾಯಿತು.

ಮೊದಲು ಎದ್ದ ಹೆಸರು ನೇತ್ರಾಣಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕು. ನೀರಿನಿಂದ ನೆಟ್ಟಗೆ ಎದ್ದ ಬಂಡೆಗೋಡೆ ಬೇಕೆಂದರೆ ಅಲ್ಲಿದೆ. ಹಳೇಬೀಡಿನ ನನ್ನ ಷಡ್ಡಕ ನಿವೃತ್ತ ಸರ್ವೇಯರ್, ಕೂಲಂಕಷ ವಿಚಾರಿಸದೆ ಹೆಜ್ಜೆ ಇಡುವವರಲ್ಲ. ಅಲ್ಲಿಗೆ ಹೋಗುವವರು ಮೇಲೆ ನಡೆಯುವುದಿಲ್ಲ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಧುಮುಕುತ್ತಾರೆ ಎಂದು ತಿಳಿದುಕೊಂಡರು. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಗುಂಡು ಹಾರಿಸಿದ್ದೂ ಆ ದ್ವೀಪಕ್ಕೇ ಎಂದು ಸೇರಿಸಿದರು. "ಗುಂಡು ಹಾರಿಸೋ ಕಡೆ ವಾಕಿಂಗ್ ಯಾಕ್ರಪ್ಪಾ?" ಎಂದರು ದೊಡ್ಡಮ್ಮ. ನೇತ್ರಾಣಿ ಅಲ್ಲಿಗೆ ಮುಗಿಯಿತು.

ಉಳಿದದ್ದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಗುಂಪು. ಅಲ್ಲಿ ಐರ್ಲೆಂಡಿನ ಜಾತಿಯದೇ ಕಂಬಗಳು. ಲಾವಾ ಆರುತ್ತ ಕುಗ್ಗಿ, ಬಿರುಕು ಬಿಟ್ಟು ಮೂಲೆಮೂಲೆಯಾದದ್ದು. ಐರ್ಲೆಂಡಿನದಕ್ಕೆ ಸುಮಾರು 6 ಕೋಟಿ ವರ್ಷ, ನಮ್ಮದಕ್ಕೆ 8.8 ಕೋಟಿ ಎಂದು ಗೊತ್ತಾದಾಗ ಭಾವ ಎದ್ದು ನಿಂತರು. "ಮಗನಿಗೆ ಹೇಳು, ಅವನದು ಮೊನ್ನೆ ಮೊನ್ನೆದು ಅಂತ." ಆದರೂ ಅವರಿಗೆ ಒಂದು ಕೊರಗು. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ ಕೆತ್ತಿ ಹೆಸರು ಹಾಕಿದ್ದಾರೆ, ಇಲ್ಲಿ ಯಾರ ಸಹಿಯೂ ಇಲ್ಲವಲ್ಲ!

ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಅದು ಎಂದಾಗ ಚಿಕ್ಕಪ್ಪನಿಗೆ ಆಸಕ್ತಿ ಬಂತು. ಮನೆ ಪಾಲಾದಾಗ ಬಾವಿಕಟ್ಟೆಗೆ ವರ್ಷಗಟ್ಟಲೆ ಕೋರ್ಟು ಅಲೆದವರು ಅವರು. "ಅಷ್ಟು ದೊಡ್ಡ ಪಾಲಲ್ಲಿ ಇಷ್ಟಾದರೂ ಬಿಟ್ಟು ಹೋದರಲ್ಲ, ಒಳ್ಳೇ ಜನ" ಅಂದರು. ಆ ಗುಂಪಿನಲ್ಲಿ ಜನ ಇಳಿಯುವ ದ್ವೀಪದ ಹೆಸರೇ ಕೋಕನಟ್ ಐಲ್ಯಾಂಡ್ ಎಂದದ್ದೇ ತಡ, ಕೊಬ್ಬರಿ ವ್ಯಾಪಾರಿಯಾದ ಚಿಕ್ಕಪ್ಪ ಯೋಜನೆಯನ್ನು ಪೂರ್ತಿ ಕೈಗೆ ತೆಗೆದುಕೊಂಡರು.

ಬೇಲೂರು, ಮೂಡಿಗೆರೆ, ಚಾರ್ಮಾಡಿ, ಕಾರ್ಕಳ ಎಂದು ದಾರಿ ಬರೆದಾಯಿತು. ಎಲ್ಲಿ ಕಾಫಿ, ಯಾವ ತಿರುವಿನಲ್ಲಿ ದೊಡ್ಡಮ್ಮನಿಗೆ ನಿಂಬೆಹಣ್ಣು, ಎಲ್ಲ ಪಟ್ಟಿಯಾಯಿತು. ಅಮಾವಾಸ್ಯೆ ಹುಣ್ಣಿಮೆಗೆ ಭರತ ಜೋರು ಎಂದು ಷಡ್ಡಕ ಎಚ್ಚರಿಸಿದರು. ಅಮಾವಾಸ್ಯೆಗೆ ಹೊಸಿಲು ದಾಟಬಾರದೆಂದು ದೊಡ್ಡಮ್ಮ ಮೊದಲಿಂದ ಹೇಳುತ್ತಲೇ ಇದ್ದರು. ಸರ್ವೆ ಇಲಾಖೆಯೂ ಪಂಚಾಂಗವೂ ಒಂದಾದದ್ದನ್ನು ನಮ್ಮ ಮನೆ ಆವತ್ತೇ ಕಂಡದ್ದು.

ಆಮೇಲೆ ಷಡ್ಡಕ ನಕ್ಷೆ ಬಿಡಿಸಿದರು. ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್. ಎತ್ತರ ಎಷ್ಟು ಎಳೆದರೂ 10 ಮೀಟರ್.

"ಅಂದ್ರೆ ಇನ್ನೂರು ಕಿಲೋಮೀಟರ್ ಇಳಿದು ಹೋಗಿ ಹತ್ತು ಮೀಟರ್ ಹತ್ತೋದು" ಎಂದಳು ನನ್ನ ಹೆಂಡತಿ. "ನಮ್ಮ ಮಾಲೇಕಲ್ಲು ತಿರುಪತಿಗೇ ಸಾವಿರದ ಮೇಲೆ ಮೆಟ್ಟಿಲಿದೆ."

ಚಿಕ್ಕಪ್ಪ ಜಗ್ಗಲಿಲ್ಲ. ಮಲ್ಪೆಯ ದೋಣಿಯವರೊಬ್ಬರ ನಂಬರ್ ಸಂಪಾದಿಸಿ, ಬಂಡೆಯಂಚಿನ ದಾರಿ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಕೇಳಿದರು. ಆ ಕಡೆಯಿಂದ ಉತ್ತರ ಬಂತು: "ಬೋಟು ಹತ್ತಿ, ಇಳೀರಿ, ಒಂದು ಸುತ್ತು ಬನ್ನಿ ಮಾರಾಯ್ರೆ. ಪ್ಲಾನ್ ಎಂತದಕ್ಕೆ? ಪಾಚಿ ಕಲ್ಲಿನ ಮೇಲೆ ಮಾತ್ರ ಹೋಗ್ಬೇಡಿ. ಮತ್ತೆ, ಮಳೆಗಾಲ ಹತ್ರ ಬಂತಲ್ಲ, ಇನ್ನು ಬೋಟಿಲ್ಲ." ಚಿಕ್ಕಪ್ಪ ಫೋನ್ ಇಟ್ಟು, "ಪಾಪ, ಅವನಿಗೆ ದ್ವೀಪದ ವಿಷಯ ಏನೂ ಗೊತ್ತಿಲ್ಲ" ಎಂದರು.

ಕಡಲ ಪಕ್ಕದವರಿಗೆ ಕಡಲು ಪುಕ್ಕಟೆ, ಎದ್ದು ಹೋದರೆ ಮುಗಿಯಿತು. ನಾವು ಅದನ್ನು ಕೂತಲ್ಲೇ ಉತ್ಪತ್ತಿ ಮಾಡಿಕೊಳ್ಳಬೇಕು. ಕಾಯುವುದಂತೂ ಅರಸೀಕೆರೆಗೆ ಹೊಸದಲ್ಲ. ಅಟ್ಟಕ್ಕೆ ಹಾಕಿದ ಕಾಯಿ ವರ್ಷ ಸಮೀಪಿಸುವವರೆಗೆ ಉಂಡೆಕೊಬ್ಬರಿಯಾಗುವುದಿಲ್ಲ. ಚಿಕ್ಕಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಹೋಗಿ ಒಳಗೆ ಗಿಟುಕು ಲೊಟಲೊಟ ಅಂದಮೇಲೇ ಇಳಿಸುವುದು. ನಮ್ಮ ಯೋಜನೆಯೂ ಹಾಗೇ ಅಟ್ಟ ಸೇರಿತು. ಷಡ್ಡಕ ಸಮಾಧಾನ ಹೇಳಿದರು: "ನಮ್ಮೂರ ಗುಡಿ ಕೆಲಸ 1121ರ ಹೊತ್ತಿಗೆ ಶುರುವಾಗಿ, ತಲೆಮಾರುಗಟ್ಟಲೆ ನಡೆದೂ ಪೂರ್ತಿ ಆಗಲಿಲ್ಲ. 2023ರಲ್ಲಿ ಯುನೆಸ್ಕೊದವರು ಪಟ್ಟಿಗೆ ಸೇರಿಸಲಿಲ್ವಾ?"

ಐರ್ಲೆಂಡಿನ ಹುಡುಗನಿಗೂ ಯೋಜನೆ ಕಳಿಸಿದೆವು. "ಮಾವ, ಇದನ್ನು ಓದೋ ಹೊತ್ತಲ್ಲಿ ಇಲ್ಲಿ ವಾಕ್ ಮುಗಿದಿರುತ್ತೆ" ಎಂದು ಬರೆದ.

"ನಡೆದು ಮುಗಿಸೋದು ಯಾರಿಗೆ ಬರಲ್ಲ?" ಎಂದರು ಚಿಕ್ಕಪ್ಪ.

ಒಳಗಿಂದ ದೊಡ್ಡಮ್ಮನ ದನಿ ಬಂತು. "ಏರೋ ಆಸೆ ಅಷ್ಟಿದ್ರೆ ಅಟ್ಟ ಹತ್ತಿ ಎರಡು ಕಾಯಿ ಇಳಿಸಪ್ಪಾ, ಚಟ್ನಿಗೆ ಬೇಕು."

ಚಿಕ್ಕಪ್ಪ ತಕ್ಷಣ ಕಾಗದ, ಪೆನ್ನು ತರಿಸಿದರು. ಯಾವ ಏಣಿ, ಎಲ್ಲಿ ಒರಗಿಸುವುದು, ಕೆಳಗೆ ಯಾರು ಹಿಡಿಯುವುದು ಎಂದು ಕೇಳಲು ಹಳೇಬೀಡಿಗೆ ಫೋನ್ ಹೋಯಿತು.