ಮುನ್ನೆಚ್ಚರಿಕೆ ರಾಯರ ಚೀಲ

ಮಹದೇವಪುರದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕಾರ್ಖಾನೆಯಲ್ಲಿ ವರ್ಷಾ ವರ್ಷ ಮಾರ್ಚ್ 4ಕ್ಕೆ ಸುರಕ್ಷತಾ ದಿನದ ಬ್ಯಾಡ್ಜ್ ಚುಚ್ಚಿಕೊಂಡು, ನಿವೃತ್ತಿಯಾದ ಮೇಲೆ ಮನೆಯನ್ನೇ ಕಾರ್ಖಾನೆ ಮಾಡಿಕೊಂಡವರು. ನಮ್ಮ ಬ್ಲಾಕಿನಲ್ಲಿ ಅವರಿಗೆ ಮುನ್ನೆಚ್ಚರಿಕೆ ರಾಯರು ಅಂತಲೇ ಹೆಸರು. 2019ರಲ್ಲಿ ಮಗಳ ಬಾಣಂತನಕ್ಕೆಂದು ದಂಪತಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋದರು. ಮನೆಯಾಕೆ ಆರು ತಿಂಗಳು ಮೊಮ್ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿದರು. ರಾಯರು ಭೂಕಂಪ ಕಲಿತು ಬಂದರು.

ಬಂದ ವಾರವೇ ಕೆಲಸ ಶುರು. ಗಾದ್ರೆಜ್ ಬೀರುವಿಗೂ ಗೋಡೆಗೂ ಕ್ಲಾಂಪ್ ಬಿತ್ತು. ತೂಕದ್ದೆಲ್ಲ ಕೆಳಗಿರಬೇಕೆಂದು ಅಟ್ಟದ ಹಿತ್ತಾಳೆ ಹಂಡೆ ಅಡುಗೆಮನೆ ನೆಲಕ್ಕಿಳಿದು, ದಿನಕ್ಕೆರಡು ಸಲ ಮನೆಯಾಕೆಯ ಕಾಲ್ಬೆರಳನ್ನು ವಿಚಾರಿಸಿಕೊಳ್ಳತೊಡಗಿತು. ಗ್ಯಾಸ್ ಸಿಲಿಂಡರಿಗೆ ಸರಪಳಿ, ಸರಪಳಿಗೆ ಬೀಗ. ಸಿಲಿಂಡರ್ ಬದಲಿಸುವ ಹುಡುಗ ಬಂದರೆ ಹತ್ತು ನಿಮಿಷ ಕೀಲಿ ಹುಡುಕಾಟ. ಮಂಚದ ತಲೆಯ ಮೇಲೆ ಗಾಜಿನ ಪಟ ಇರಕೂಡದು ಅಂತ ಮಾವನವರ ಫೋಟೊ ಕೂಡ ಇಳಿಯಿತು. ಮೂವತ್ತೈದು ವರ್ಷ ಹುಡುಕಿದರೂ ಅದಕ್ಕೊಂದು ಕಾರಣ ಸಿಕ್ಕಿರಲಿಲ್ಲ.

“ಬೆಂಗಳೂರು ಭೂಕಂಪದ 2ನೇ ವಲಯ ಅಲ್ವಾ ರಾಯರೇ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು?” ಅಂತ ಒಮ್ಮೆ ಬಾಯಿಬಿಟ್ಟು ಕೆಟ್ಟೆ. “1ನೇ ವಲಯ ಎಲ್ಲಿ ಹೋಯ್ತು ಹೇಳಿ?” ಅಂದರು. ನಾನು ಹೇಳಲಿಲ್ಲ, ಅವರೇ ಹೇಳಿದರು. ಲಾತೂರಿನ ಕಿಲ್ಲಾರಿ ಆ 1ನೇ ವಲಯದಲ್ಲೇ ಇತ್ತಂತೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ, ಮಣ್ಣಿನ ಮಾಳಿಗೆಯ ಕಲ್ಲುಮನೆಗಳು ಮಲಗಿದ್ದವರ ಮೇಲೇ ಕುಸಿದವು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. 2002ರಲ್ಲಿ ನಕ್ಷೆಯಿಂದ 1ನೇ ವಲಯವನ್ನೇ ತೆಗೆದುಹಾಕಿದರು. ಇಷ್ಟು ಹೇಳುವಾಗ ರಾಯರ ದನಿಯಲ್ಲಿ ತಮಾಷೆ ಇರಲಿಲ್ಲ, ನನಗೂ ನಗು ಬರಲಿಲ್ಲ.

ಅವರ ನಿಜವಾದ ಪ್ರೀತಿ ಮಾತ್ರ ಒಂದು ಕೆಂಪು ಚೀಲದ ಮೇಲೆ. ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ ಅದರಲ್ಲಿ ಟಾರ್ಚು, ಸೀಟಿ, ಬ್ಯಾಂಡೇಜು, ಮನೆಪತ್ರದ ಜೆರಾಕ್ಸು, ಮೂರು ದಿನಕ್ಕಾಗುವ ನೀರು, ಅವಲಕ್ಕಿ, ಚಕ್ಕುಲಿ. ಪ್ರತಿ ತಿಂಗಳ ಮೊದಲ ಭಾನುವಾರ ಅದರ ತಪಾಸಣೆ. ಹಳೆಯದನ್ನು ಖಾಲಿ ಮಾಡಿ ಹೊಸದು ತುಂಬಬೇಕು. ಖಾಲಿ ಮಾಡುವ ಜವಾಬ್ದಾರಿಯನ್ನು ರಾಯರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ ಅಷ್ಟು ಹೊತ್ತು ಬಾಗಿಲು ಹಾಕಿಕೊಂಡು ಏನು ತಪಾಸಣೆ ಮಾಡುತ್ತಾರೆಂದು ಮನೆಯಾಕೆಗೆ ಅನುಮಾನವಿತ್ತು, ಸಾಕ್ಷಿ ಇರಲಿಲ್ಲ.

2020ರ ಮೇ 20, ಲಾಕ್‌ಡೌನಿನ ಬುಧವಾರ. ಮಧ್ಯಾಹ್ನ ಒಂದೂಕಾಲು ದಾಟಿತ್ತು, ಅನ್ನ ಬಡಿಸುವ ಹೊತ್ತು. ಆಕಾಶವೇ ಬಿರಿದ ಹಾಗೆ ಸದ್ದಾಗಿ ಕಿಟಕಿ ಗಾಜುಗಳು ಗದಗದ ನಡುಗಿದವು. ನಾವೆಲ್ಲ ಮೆಟ್ಟಿಲಿಳಿದು ಓಡಿದೆವು. ಅರ್ಧ ಜನ ಮಾಸ್ಕ್ ಮರೆತೆವೆಂದು ವಾಪಸ್ ಹತ್ತಿದರು. ರಾಯರೊಬ್ಬರು ಶಾಸ್ತ್ರೋಕ್ತವಾಗಿ ಊಟದ ಮೇಜಿನಡಿ ಕೂತು, ಒಂದು ಕೈ ತಲೆಯ ಮೇಲಿಟ್ಟು, ಇನ್ನೊಂದರಲ್ಲಿ ಮೇಜಿನ ಕಾಲು ಹಿಡಿದಿದ್ದರು. “ಏಳ್ರೀ, ಹುಳಿ ಆರ್ತಾ ಇದೆ” ಅಂದರೂ ಏಳಲಿಲ್ಲ. ಎರಡನೇ ಕಂಪನ ಬರಬಹುದಂತೆ. ಆಕೆ ತಟ್ಟೆಯನ್ನು ಮೇಜಿನಡಿಗೇ ತಳ್ಳಿದರು. ಸಂಜೆ ಹೊತ್ತಿಗೆ ಸುದ್ದಿ ಬಂತು: ಭೂಕಂಪವಲ್ಲ, ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ಮೀರಿ ಹಾರಿದ ಸದ್ದು. ರಾಯರಿಗೆ ಒಂದಿಷ್ಟೂ ಬೇಸರವಿಲ್ಲ. “ಡ್ರಿಲ್ ಚೆನ್ನಾಗಿ ಆಯ್ತು. ನೀವೊಬ್ಬರೂ ಪಾಸಾಗಲಿಲ್ಲ” ಅಂದರು.

ಮರುವರ್ಷ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಭೂಮಿ ಸಣ್ಣಗೆ ಎರಡು ಸಲ ನಡುಗಿದಾಗ ಬ್ಲಾಕಿನ ವಾಟ್ಸಾಪ್ ಗುಂಪಿಗೆ ಅವರಿಂದ ಹನ್ನೊಂದು ಸಂದೇಶ ಬಂದವು. ಅದರ ವಿವರ ಬೇಡ.

ಮಹದೇವಪುರಕ್ಕೆ ಕೊನೆಗೆ ಬಂದದ್ದು ನೀರು. 2022ರ ಸೆಪ್ಟೆಂಬರ್ 5ರ ಬೆಳಗಾಗುವಾಗ ನೆಲಮಾಳಿಗೆ ತುಂಬಿ ಕಾರುಗಳು ಮುಳುಗಿದ್ದವು, ಕರೆಂಟಿರಲಿಲ್ಲ, ಗೇಟಿನಲ್ಲಿ ಸೊಂಟದ ಮಟ್ಟ ನೀರು. ಸಾಫ್ಟ್‌ವೇರಿನವರು ಲ್ಯಾಪ್‌ಟಾಪನ್ನು ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಕೈ ಬೀಸುತ್ತಿದ್ದರೂ ಒಂದೂ ನಿಲ್ಲುತ್ತಿರಲಿಲ್ಲ. ಆಗ ರಾಯರು ಚೀಲದಿಂದ ಸೀಟಿ ತೆಗೆದು ಊದಿದರು ನೋಡಿ, ಬಸ್ ಕಂಡಕ್ಟರನ ಸೀಟಿಗೆ ನಿಂತ ಹಾಗೆ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಟ್ರೇಲರಿನಲ್ಲಿ ಚೀಲ ಎದೆಗಪ್ಪಿಕೊಂಡು ನಿಂತ ಅವರ ಗತ್ತು ದಸರಾ ಅಂಬಾರಿಗೂ ಇಲ್ಲ.

ಆ ರಾತ್ರಿ ಮಲ್ಲೇಶ್ವರದಲ್ಲಿ, ತಂಗಿಯ ಮನೆಯ ನಡುಮನೆಯಲ್ಲಿ, ರಾಯರ ಹೆಂಡತಿ ಮೊದಲ ಸಲ ಆ ಚೀಲ ಬಿಚ್ಚಿದರು. ಟಾರ್ಚಿಗೆ ಸೆಲ್ ಇರಲಿಲ್ಲ, ಟಿವಿ ರಿಮೋಟಿಗೆ ಹೋಗಿದ್ದವು. ಸಿಲಿಂಡರ್ ಬೀಗದ ಕೀಲಿ ಸಿಕ್ಕಿತು. ತೀರಾ ತಳದಲ್ಲಿ, ಮನೆಪತ್ರದ ಜೆರಾಕ್ಸಿನಲ್ಲಿ ಸುತ್ತಿಟ್ಟ ಅರ್ಧ ಕೆಜಿ ಮೈಸೂರು ಪಾಕು.

“ರೀ, ಇದು ಎಷ್ಟನೇ ವಲಯ?” ಅಂದರು.

ರಾಯರು ಸುತ್ತ ನೋಡಿದರು. ತಂಗಿಯ ಮನೆಯಲ್ಲಿ ಊಟದ ಮೇಜೇ ಇರಲಿಲ್ಲ.