ಅಂತರ್ಜಾಲ ರಸಗ್ರಹಣ ಮೀಮಾಂಸೆ: ಪಶ್ಚಿಮ ಮಾಂಬಲಂ ಪಾಠ

ಉಪೋದ್ಘಾತ

ಪ್ರಸ್ತುತ ಪ್ರಬಂಧವು ಅಂತರ್ಜಾಲೀಯ ನೆಲೆಯಲ್ಲಿ ಜರುಗುವ ಕರ್ನಾಟಕ ಸಂಗೀತ ರಸಗ್ರಹಣದ ಸಂಕಥನವನ್ನು, ಶ್ರವಣ ಯಜಮಾನಿಕೆಯ ತಾತ್ವಿಕ ಚೌಕಟ್ಟಿನೊಳಗೆ, ಬಹುಆಯಾಮಿಕ ಅನುಸಂಧಾನಕ್ಕೆ ಒಡ್ಡುವ ಒಂದು ಮುಖಾಮುಖಿಯಾಗಿದೆ. ಇದರ ಅರ್ಥವೇನೆಂದು ಕೇಳಬೇಡಿ. ಹನ್ನೆರಡು ವಾರ, ವಾರಕ್ಕೆ ಒಂದೂವರೆ ಗಂಟೆ, ಅಂತರ್ಜಾಲದ ರಸಗ್ರಹಣ ಕೋರ್ಸಿನಲ್ಲಿ ಇಂಥ ವಾಕ್ಯಗಳನ್ನು ಕೂತು ಕೇಳಿದ್ದೇನೆ. ಅಲ್ಲಿ ಇಂಗ್ಲಿಷಿನಲ್ಲಿದ್ದವು, ನಾನು ಕನ್ನಡ ಸೆಮಿನಾರಿನ ಭಾಷೆಗೆ ಚಿಲ್ಲರೆ ಮಾಡಿಸಿದ್ದೇನೆ. ಬೆಲೆ ಅಷ್ಟೇ.

ಪ್ರಬಂಧಕಾರ ಮೈಸೂರಿನವನು. ಬ್ಯಾಂಕಿನ ವರ್ಗಾವಣೆಯ ಮೇಲೆ ಮದ್ರಾಸಿಗೆ ಬಂದು, ನಿವೃತ್ತನಾಗಿ, ವೆಸ್ಟ್ ಮಾಂಬಲಂನ ಲೇಕ್ ವ್ಯೂ ರೋಡಿನಲ್ಲಿ ಬೇರುಬಿಟ್ಟವನು. ಲೇಕೂ ಇಲ್ಲ, ವ್ಯೂವೂ ಇಲ್ಲ. 1920ರ ದಶಕದಲ್ಲಿ ಹೊಸ ಬಡಾವಣೆಗೆಂದು, ಅಂದರೆ ಇಂದಿನ ಟಿ. ನಗರಕ್ಕೆಂದು, ಇಲ್ಲಿದ್ದ ಉದ್ದನೆಯ ಕೆರೆಯ ಮೇಲೆ ಕಣ್ಣು ಹಾಕಿದರು. ಕೆರೆ ಹೋಗಿ ಹೆಸರು ಉಳಿಯಿತು. 2015ರ ಡಿಸೆಂಬರಿನ ಮಳೆಯಲ್ಲಿ ಕೆರೆ ತಾನಾಗಿಯೇ ಮನೆಬಾಗಿಲಿಗೆ ಬಂದು ಕೆಲವು ದಿನ ವ್ಯೂ ತೋರಿಸಿ ಹೋಯಿತೆನ್ನುವುದನ್ನೂ ದಾಖಲಿಸಬೇಕು.

"ಅಪ್ಪಾ, ನೀವು ಸುಮ್ನೆ ಕೇಳ್ತೀರಿ ಅಷ್ಟೆ. ಅಪ್ರಿಷಿಯೇಟ್ ಮಾಡೋದು ಹೇಗೇಂತ ಕಲೀರಿ" ಎಂದು ನ್ಯೂಜೆರ್ಸಿಯಿಂದ ಮಗ ಆ ಕೋರ್ಸಿಗೆ ಡಾಲರಿನಲ್ಲಿ ಫೀಸು ಕಟ್ಟಿದ. ಮೂವತ್ತು ಡಿಸೆಂಬರ್ ಸೀಸನ್ನುಗಳಲ್ಲಿ ಸಭಾದಿಂದ ಸಭಾಕ್ಕೆ ಅಲೆದದ್ದು, ಕ್ಯಾಂಟೀನಿನ ಪೊಂಗಲ್ ತಿಂದು ತನಿ ಆವರ್ತನದಲ್ಲಿ ತೂಕಡಿಸಿದ್ದು, ಆರ್ಯಗೌಡ ರೋಡಿನ ಅಯೋಧ್ಯಾ ಮಂಟಪದಲ್ಲಿ ನಿಂತೇ ಅರ್ಧ ಕಛೇರಿ ಕೇಳಿ ಕೈಚೀಲದ ಸೊಪ್ಪು ಬಾಡಿಸಿಕೊಂಡು ಮನೆಗೆ ಬಂದು ಬೈಸಿಕೊಂಡದ್ದು, ಇವೆಲ್ಲ ಕೋರ್ಸಿನ ಮೊದಲ ದಿನವೇ 'ಅಸಂಘಟಿತ ಶ್ರವಣಾನುಭವ' ಎಂಬ ಕಾಲಂಗೆ ಹೋದವು. ಅದಕ್ಕೆ ಅಂಕವಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗಕಾರ ಕನ್ನಡ ಜನ ಪಾಠ ಓದದೆಯೂ ಕಾವ್ಯದ ಒಳಗುಟ್ಟು ಬಲ್ಲವರೆಂದು ಬರೆದಿಟ್ಟಿದ್ದಾನೆ. ಪಾಪ, ಅವನಿಗೆ ಮಾಡ್ಯೂಲುಗಳ ಪರಿಚಯವಿರಲಿಲ್ಲ.

ಅಧಿಕರಣ 1: ರಸಗ್ರಹಣ ಶಬ್ದಾರ್ಥ ನಿರ್ಣಯ

ಪೂರ್ವಪಕ್ಷ: ಗ್ರಹಣವೆಂದರೆ ಹಿಡಿದುಕೊಳ್ಳುವುದು, ಆದ್ದರಿಂದ ರಸಗ್ರಹಣವೆಂದರೆ ರಸವನ್ನು ಹಿಡಿಯುವುದು. ಸಿದ್ಧಾಂತ: ಹಾಗಲ್ಲ. ಗ್ರಹಣವೆಂದರೆ ಪಂಚಾಂಗದಲ್ಲಿ ಏನು ಅರ್ಥವೋ ಅದೇ ಇಲ್ಲಿಯೂ ಗ್ರಾಹ್ಯ. ಶನಿವಾರ ಸಂಜೆ 6.30ಕ್ಕೆ ಸ್ಪರ್ಶ, 7.15ಕ್ಕೆ ಮಧ್ಯಕಾಲ, 8ಕ್ಕೆ ಮೋಕ್ಷ. ಈ ನಡುವೆ ಊಟ ನಿಷಿದ್ಧ, ಕ್ಯಾಮೆರಾ ಆನ್ ಇರಬೇಕಾದ್ದರಿಂದ. ಮೋಕ್ಷವಾದ ಮೇಲೆ ನನ್ನಾಕೆ ಸ್ನಾನ ಮಾಡಿ ಬನ್ನಿ ಎನ್ನಲಿಲ್ಲ, ಅದೊಂದು ಬಾಕಿ.

ಅಧಿಕರಣ 2: ಸ್ಥಳನಿರ್ಣಯ

ಪಾಠ ಕೇಳುವ ಸ್ಥಳಕ್ಕೂ ಮೇಳಕರ್ತಕ್ಕೂ ಸಂಬಂಧವಿದೆಯೆಂಬುದು ಈ ಪ್ರಬಂಧದ ಸ್ವಂತ ಶೋಧ. ಕಟಪಯಾದಿ ಸೂತ್ರದಂತೆ ರಾಗದ ಹೆಸರಿನ ಮೊದಲೆರಡು ಅಕ್ಷರಗಳನ್ನು ಅಂಕಿ ಮಾಡಿ ತಿರುಗಿಸಿದರೆ ಮೇಳದ ಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು, ತಿರುಗಿಸಿದರೆ 15. ಈಗ ಮಾಂಬಲಂ. ಮ ಐದು, ಬ ಮೂರು, ತಿರುಗಿಸಿದರೆ 35. ಮೂವತ್ತೈದನೇ ಮೇಳ ಯಾವುದು? ಶೂಲಿನಿ! ಷಟ್‌ಶ್ರುತಿ ರಿಷಭದ ವಿವಾದಿ ಮೇಳ. ವೆಸ್ಟ್ ಮಾಂಬಲಂನ ಸೊಳ್ಳೆಯನ್ನು ಬಲ್ಲವರಿಗೆ ಈ ಶೂಲ ಯಾರ ಕೈಯಲ್ಲಿದೆಯೆಂದು ಬಿಡಿಸಿ ಹೇಳಬೇಕಿಲ್ಲ. ಸಂಜೆ ಆರೂವರೆಗೆ ಸರಿಯಾಗಿ ಅದು ಕಿವಿಯ ಬಳಿ ಶ್ರುತಿ ಹಿಡಿಯುತ್ತದೆ. ನಾನು ಸೊಳ್ಳೆ ಬ್ಯಾಟನ್ನು ಬಲಗೈಯಲ್ಲಿಟ್ಟುಕೊಂಡು ಆದಿತಾಳ ಹಾಕುತ್ತಿದ್ದೆ. ಸಮಕ್ಕೆ ಸರಿಯಾಗಿ ಚಟ್ ಎಂದಾಗ ಆಗುತ್ತಿದ್ದ ಆನಂದವೇ ಇಡೀ ಕೋರ್ಸಿನಲ್ಲಿ ನನಗೆ ದಕ್ಕಿದ ಶುದ್ಧ ರಸಾನುಭವ.

ಅಧಿಕರಣ 3: ಎಪ್ಪತ್ತೆರಡು ಮ್ಯೂಟ್‌ಕರ್ತ ಯೋಜನೆ

ಅಂತರ್ಜಾಲ ಶ್ರೋತೃಗಳು ಮೂಲತಃ ಎಪ್ಪತ್ತೆರಡು. ಮೊದಲ ಮೂವತ್ತಾರು ಶುದ್ಧ ಮ್ಯೂಟದವರು: ತಾವು ಮ್ಯೂಟಿನಲ್ಲಿದ್ದೇವೆಂಬ ಅರಿವುಳ್ಳವರು. ಉಳಿದ ಮೂವತ್ತಾರು ಪ್ರತಿ ಮ್ಯೂಟದವರು: ಮ್ಯೂಟಿನಲ್ಲಿದ್ದೇವೆಂದು ನಂಬಿ ಸಂಸಾರ ನಡೆಸುವವರು. ಇವರನ್ನು ಆರಾರರ ಹನ್ನೆರಡು ಚಕ್ರಗಳಾಗಿ ವಿಂಗಡಿಸಬಹುದು. ಪ್ರತಿ ಮ್ಯೂಟದ ಮೊದಲ ಚಕ್ರ ಹೀಗಿದೆ: ಕುಕ್ಕರಾಂಗಿ (ಮೂರು ಸೀಟಿಗೆ ಮುಕ್ತಾಯ), ರಿಂಗ್‌ಟೋನಾಂಗಿ (ಇವಳ ಮೊಬೈಲಿನಲ್ಲಿ ಸುಪ್ರಭಾತ, ಅದೂ ಸಂಜೆ), ಗೊರಕೆಮೂರ್ತಿ (ಮಂದ್ರ ಸ್ಥಾಯಿಯಲ್ಲಿ ವಿಳಂಬ ಕಾಲ), ವೈಫೈಸ್ಪತಿ (ಆರೋಹಣ ಮಾತ್ರ, ಅವರೋಹಣಕ್ಕೆ ಮೊದಲೇ ನಿರ್ಗಮನ)…

ಇದು ಕಟಪಯಾದಿಗೆ ಹೊಂದುವುದಿಲ್ಲ ಎನ್ನುವವರು ತಾವೇ ಹೊಂದಿಸಿಕೊಳ್ಳಲಿ. ಇನ್ನು ಅರವತ್ತೆಂಟು ಬಾಕಿ ಇವೆ, ನನಗೆ ಬೇಸರ ಬಂತು. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ ಚತುರ್ದಂಡೀಪ್ರಕಾಶಿಕೆಯಲ್ಲಿ ಎಪ್ಪತ್ತೆರಡು ಮೇಳಗಳ ಲೆಕ್ಕ ಕಟ್ಟಿದರೂ ಬಳಕೆಯಲ್ಲಿದ್ದವೆಂದು ವಿವರಿಸಿದ್ದು ಹತ್ತೊಂಬತ್ತನ್ನು ಮಾತ್ರ. ಆ ಮಹಾನುಭಾವನಿಗೆ ಹತ್ತೊಂಬತ್ತಾದರೆ ನನಗೆ ನಾಲ್ಕು ಸಾಕು.

ಅಧಿಕರಣ 4: ನಾದನಿವಾರಣ ಪ್ರಕರಣ

ನಾಲ್ಕನೇ ವಾರ 'ಆಳವಾದ ಶ್ರವಣ' ಎಂಬ ಮಾಡ್ಯೂಲು. ಪಾಠ ಹೇಳುವವರನ್ನು ಗುರು ಎನ್ನಬಾರದು, ಫೆಸಿಲಿಟೇಟರ್ ಎನ್ನಬೇಕು. ಅವರು ತಂಬೂರಿ ಮೀಟಿ ಕಣ್ಣು ಮುಚ್ಚಿ ಕೇಳಿ ಎಂದರು. ನಾವು ನಲವತ್ತು ಜನ ನಲವತ್ತು ಚೌಕಗಳಲ್ಲಿ ಕಣ್ಣು ಮುಚ್ಚಿದೆವು. ಪಂಚಮದ ತಂತಿ ಒಂದು ಸಲ ಝೇಂಕರಿಸಿತು. ಆಮೇಲೆ ನೀರಿನಲ್ಲಿ ಮುಳುಗಿದವರ ದನಿಯಂತೆ ಅರ್ಧಕ್ಕೇ ಅಳಿಸಿಹೋಯಿತು. ಮತ್ತೆ ಒಂದು ತುಣುಕು, ಮತ್ತೆ ನಿಶ್ಶಬ್ದ. ಕಣ್ಣು ತೆರೆದು ನೋಡಿದರೆ ಫೆಸಿಲಿಟೇಟರ್ ತನ್ಮಯರಾಗಿ ಮೀಟುತ್ತಲೇ ಇದ್ದಾರೆ. ಬೆರಳು ಆಡುತ್ತಿದೆ, ನಾದವಿಲ್ಲ. ಐದು ನಿಮಿಷ ಹೀಗೆ ನಡೆಯಿತು. ಕೊನೆಗೆ ಚಾಟಿನಲ್ಲಿ ಹದಿನೇಳು ಮಂದಿ 'ದಿವ್ಯ ಅನುಭವ' ಎಂದು ಕೈಮುಗಿದರು.

ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಆಮೇಲೆ ವಿವರಿಸಿದ. ಇಂಥ ತಂತ್ರಾಂಶಗಳು ಮನುಷ್ಯರ ಮಾತಿಗೆಂದು ಮಾಡಿದವು. ಒಂದೇ ಸಮನೆ ನಿಂತ ದನಿ ಅವಕ್ಕೆ ಫ್ಯಾನಿನ, ಏಸಿಯ ಗದ್ದಲವಿದ್ದಂತೆ. ಹಿನ್ನೆಲೆಯ ಗದ್ದಲವನ್ನು ಅಳಿಸಿ ಎದುರಿನ ಮಾತನ್ನು ಎತ್ತಿಕೊಡುವುದೇ ಅದರ ಧರ್ಮ. ಸೆಟ್ಟಿಂಗಿನಲ್ಲಿ ಮೂಲ ಧ್ವನಿಯನ್ನು ಹಾಗೇ ಬಿಡು ಎನ್ನುವ ಒಂದು ಗುಂಡಿ ಇರುತ್ತದಂತೆ. ಒತ್ತಿದರೆ ತಂಬೂರಿ ಉಳಿಯುತ್ತದಂತೆ. ಹನ್ನೆರಡು ವಾರದಲ್ಲಿ ಯಾರೂ ಒತ್ತಲಿಲ್ಲ. ಸಂಗೀತವನ್ನು ಆಸ್ವಾದಿಸಲು ಕಲಿಸುವ ತರಗತಿಯಲ್ಲಿ ಶ್ರುತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸಿತು.

ಇದರಿಂದ ಸಿದ್ಧವಾಗುವ ಸೂತ್ರ: ಬಿಡದೆ ನಿಂತದ್ದು ಗದ್ದಲ.

ಅಧಿಕರಣ 5: ಇತಿಹಾಸ, ಅಥವಾ ಅದೇ ಸೂತ್ರದ ವ್ಯಾಖ್ಯಾನ

ಆರನೇ ವಾರದಿಂದ ಇತಿಹಾಸ. ಪುರಂದರದಾಸರಿಗೆ ಒಂದು ಸ್ಲೈಡು: 1484–1564, ಸಂಗೀತ ಪಿತಾಮಹ, ಮಾಯಾಮಾಳವಗೌಳ, ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ಭಾಷೆ: 'ಪ್ರಾದೇಶಿಕ'. ನಾನು ಕೈ ಎತ್ತುವ ಗುಂಡಿ ಒತ್ತಿದೆ. ಯಾವ ಪ್ರದೇಶದ್ದು ಎಂದು ಕೇಳಬೇಕಿತ್ತು. ಹಳದಿ ಕೈಯೊಂದು ನನ್ನ ಚೌಕದ ಮೂಲೆಯಲ್ಲಿ ಮುಕ್ಕಾಲು ಗಂಟೆ ಎತ್ತಿಕೊಂಡೇ ಇತ್ತು. ಆಮೇಲೆ ತಾನೇ ಇಳಿಯಿತು.

ಈ ಊರು ಕನ್ನಡವನ್ನು ಕೋರ್ಸಿನಿಂದ ಕಲಿಯಲಿಲ್ಲ. ಮದ್ರಾಸಿನ ಬಾಲಸರಸ್ವತಿ ವ್ಯಾಸರಾಯರ ಯಮುನಾಕಲ್ಯಾಣಿಯ ಪದಕ್ಕೆ ಕೃಷ್ಣನನ್ನು ಕರೆಯುತ್ತ ಅಭಿನಯಿಸಿದ್ದನ್ನು ಸತ್ಯಜಿತ್ ರಾಯ್ 1976ರ 'ಬಾಲ' ಚಿತ್ರದಲ್ಲಿ ಕಡಲತಡಿಯಲ್ಲಿ ಹಿಡಿದಿಟ್ಟಿದ್ದಾರೆ. ಗಾಳಿಗೆ ಸೀರೆ ಹಾರುತ್ತದೆ, ಆಕೆ ಲೆಕ್ಕಿಸುವುದಿಲ್ಲ. ಎಂ.ಎಲ್. ವಸಂತಕುಮಾರಿ ದೇವರನಾಮಗಳನ್ನು ಇಲ್ಲಿನ ಕಛೇರಿಗಳಿಗೆ ತಂದು ತಮಿಳರ ಅಡುಗೆಮನೆಯವರೆಗೆ ಮುಟ್ಟಿಸಿದರು. ಉಚ್ಚಾರದಲ್ಲಿ ಅಲ್ಲಿ ಇಲ್ಲಿ ಕಲ್ಲು ಸಿಕ್ಕಿದ್ದುಂಟು, ನಾನೇನೂ ಹಲ್ಲು ಮುರಿದುಕೊಂಡಿಲ್ಲ. ಮೈಸೂರು ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಅಡೆಯಾರಿನ ಕಲಾಕ್ಷೇತ್ರಕ್ಕೆ ಬಂದು ಪಾಠ ಹೇಳಿದರು. ಇವು ಯಾವುವೂ ಸ್ಲೈಡಿನಲ್ಲಿಲ್ಲ. ಹೋಗಲಿ.

ಆದರೆ ಒಂಬತ್ತನೇ ವಾರದ್ದನ್ನು ಹೋಗಲಿ ಎನ್ನಲಾರೆ. ತಿರುವಯ್ಯಾರಿನ ತ್ಯಾಗರಾಜ ಆರಾಧನೆಯ ಬಗ್ಗೆ ಇಪ್ಪತ್ತೆರಡು ಸ್ಲೈಡು. ಇಪ್ಪತ್ತೊಂದನೆಯದರ ಕೆಳಗೆ ಒಂದು ಚುಕ್ಕೆ, ಚುಕ್ಕೆಯ ಮುಂದೆ: 'ಬೆಂಗಳೂರು ನಾಗರತ್ನಮ್ಮ – ಪೋಷಕಿ.' ಅದರ ಮೇಲೆ ಒಂದು ಪ್ರಶ್ನೆ: ಸಮಾಧಿ ಮಂದಿರದ ಪ್ರತಿಷ್ಠೆಯಾದ ವರ್ಷ ಯಾವುದು? 1925 ಎಂದು ಒತ್ತಿದೆ. ಹಸಿರು ಗುರುತು ಬಂತು, ಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರಿದವು.

ಪೋಷಕಿ! ನಮ್ಮ ಮೈಸೂರಿನ ಮಗ್ಗುಲ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಹೆಂಗಸು. ದೇವದಾಸಿ ಕುಲದವಳು. ಹಾಡಿ, ಹರಿಕಥೆ ಮಾಡಿ, ಮದ್ರಾಸಿನಲ್ಲಿ ದುಡಿದದ್ದನ್ನು, ಮೈಮೇಲಿನ ಒಡವೆಯನ್ನು, ಕಾವೇರಿ ದಡದಲ್ಲಿ ಹಾಳುಬಿದ್ದಿದ್ದ ಒಂದು ಸಮಾಧಿಗೆ ಸುರಿದಳು. 1921ರಲ್ಲಿ ಕೆಲಸ ಶುರುವಾಯಿತು, ನಾಲ್ಕು ವರ್ಷಕ್ಕೆ ಗುಡಿ ಎದ್ದಿತು. ಅವಳು ಕಟ್ಟಿಸಿದ ಗುಡಿಯ ಮುಂದೆ ಅವಳಂಥ ಹೆಂಗಸರು ಹಾಡಕೂಡದೆಂದರು ವಿದ್ವಾಂಸರು. ತಮ್ಮ ತಮ್ಮಲ್ಲೇ ಬಣ ಕಟ್ಟಿಕೊಂಡು ಬಡಿದಾಡುತ್ತಿದ್ದವರು ಇದೊಂದರಲ್ಲಿ ಮಾತ್ರ ಒಂದಾದರು. ಅವಳು ಹೆಂಗಸರದೇ ಒಂದು ಗುಂಪು ಕಟ್ಟಿ ಗುಡಿಯ ಹಿಂಬದಿಯಲ್ಲಿ ಕೂತು ಹಾಡಿದಳು. ಇವತ್ತು ಪ್ರತಿ ಪುಷ್ಯ ಬಹುಳ ಪಂಚಮಿಗೆ ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ಪಂಚರತ್ನ ಹಾಡುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಳ್ಳುತ್ತೇವಲ್ಲ, ಅದು ಯಾರಿಂದ? ಅಷ್ಟೇ ಅಲ್ಲ. ತಂಜಾವೂರು ಅರಮನೆಯ ಮುದ್ದುಪಳನಿ ಎಂಬ ಇನ್ನೊಬ್ಬ ಹೆಂಗಸಿನ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಕೈಗೆ ಬಿದ್ದಾಗ, ದೊಡ್ಡವರು ಅದರಿಂದ ಕತ್ತರಿಸಿ ಹಾಕಿದ್ದ ಪದ್ಯಗಳನ್ನು ಮತ್ತೆ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದಳು. ಅಶ್ಲೀಲವೆಂದು ಸರಕಾರ ಪುಸ್ತಕವನ್ನು ನಿಷೇಧಿಸಿತು. 1947ರವರೆಗೆ ಆ ನಿಷೇಧ ತೆರವಾಗಲಿಲ್ಲ. 1952ರಲ್ಲಿ ಸತ್ತಳು. ಆಸ್ತಿಯನ್ನೂ ಆ ಸಮಾಧಿಯ ಹೆಸರಿಗೇ ಬರೆದಿಟ್ಟಿದ್ದಳು. ಅವಳ ಸಮಾಧಿಯೂ ಅಲ್ಲೇ ಇದೆ. ಅವಳ ಕಲ್ಲಿನ ವಿಗ್ರಹ ಕೈಮುಗಿದುಕೊಂಡು ಆ ಗುಡಿಯನ್ನೇ ನೋಡುತ್ತ ಕೂತಿದೆ.

ಒಂದು ಚುಕ್ಕೆ, ಒಂದು ಪದ. ಹತ್ತು ಅಂಕ.

ಕ್ಷಮಿಸಿ. ಪ್ರಬಂಧದ ತಾತ್ವಿಕ ಚೌಕಟ್ಟು ಎಲ್ಲಿಗೆ ಬಂದಿತ್ತು? ಶ್ರವಣ ಯಜಮಾನಿಕೆ. ಹೌದು. ಆರನೇ ಅಧಿಕರಣದಲ್ಲಿ 'ಪ್ರಮಾಣಪತ್ರ ಪ್ರಾಮಾಣ್ಯ ವಿಚಾರ' ಎಂದು ಇಟ್ಟುಕೊಂಡಿದ್ದೆ. ಪ್ರತ್ಯಕ್ಷ, ಅನುಮಾನ, ಶಬ್ದಗಳ ಜೊತೆಗೆ ಪಿಡಿಎಫ್ ಎಂಬ ನಾಲ್ಕನೇ ಪ್ರಮಾಣವನ್ನು ಸ್ಥಾಪಿಸುವ ಯೋಚನೆಯಿತ್ತು. ಈಗ ಮನಸ್ಸಿಲ್ಲ. ಪ್ರಮಾಣಪತ್ರ ಬಂದಿದೆ: 'ರಸಿಕ, ಹಂತ 1'. ಎರಡನೇ ಹಂತಕ್ಕೆ ಬೇರೆ ಫೀಸು.

ಅನುಬಂಧ

ಎದುರು ಮನೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಹಿಂದಿನ ಬೀದಿಯ ಪಾಟ್ಟು ಮಾಮಿಯ ಮನೆಗೆ ಬೆಳಗ್ಗೆ ಏಳಕ್ಕೆ ಹೋಗಿ ನೆಲದ ಮೇಲೆ ಕೂತು ಕಲಿಯುವವಳು. ಮಾಮಿಗೆ ಸ್ಲೈಡುಗಳಿಲ್ಲ, ಮಂಡಿನೋವಿದೆ. ಮೊನ್ನೆ ಭಾನುವಾರ ಹುಡುಗಿ ನೋಟ್‌ಬುಕ್ಕು ಹಿಡಿದು ನಮ್ಮ ಮನೆಗೆ ಬಂದಳು. ಸರಳೆ, ಜಂಟಿ, ಅಲಂಕಾರ ಮುಗಿದು ಮಲಹರಿಯ ಪಿಳ್ಳಾರಿ ಗೀತೆಗಳಿಗೆ ಬಂದಿದ್ದಾಳೆ. ಪುರಂದರದಾಸರದು, ಕನ್ನಡ. ಬರೆದುಕೊಂಡದ್ದು ತಮಿಳಿನಲ್ಲಿ. ಆ ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ, ಪ-ಬಗಳಿಗೂ ಒಂದೇ. ಅದಕ್ಕೆಂದೇ ಮಾಮಿ ಅಕ್ಷರದ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ ಪುಟ್ಟ ಅಂಕಿ ಹಾಕಿಕೊಟ್ಟಿದ್ದಾರೆ: ಕ ಎನ್ನಬೇಕಾದಲ್ಲಿ ಬೋಳು, ಗ ಎನ್ನಬೇಕಾದಲ್ಲಿ 3. ಯಾರೋ ಎಷ್ಟೋ ತಲೆಮಾರಿನ ಹಿಂದೆ ಕಂಡುಕೊಂಡ ಉಪಾಯ. ಒಂದು ಕಡೆ ಬೆರಳ ಬೆವರಿಗೆ 3 ಅಳಿಸಿ ಹೋಗಿತ್ತು. ಅಲ್ಲಿ ಅವಳು ಕೆರೆಗೆ ಎನ್ನುವ ಬದಲು 'ಕೆರೆಕೆ' ಎನ್ನುತ್ತಿದ್ದಳು.

ನಾನು 3 ತಿದ್ದಿಕೊಟ್ಟೆ.

"ತಾತಾ, ಇದು ತೆಲುಂಗಾ?"

"ಇಲ್ಲಮ್ಮಾ, ಕನ್ನಡಂ."

"ಕೆರೆನ್ನಾ ಎನ್ನ?"

"ಏರಿ" ಎಂದೆ. ಏರಿಯಿಂದ ಮೊಗೆದದ್ದನ್ನು ಆ ಏರಿಗೇ ಒಪ್ಪಿಸಿಬಿಡುವ ಹಾಡು ಎಂದು ನನ್ನ ಮದ್ರಾಸಿ ತಮಿಳಿನಲ್ಲಿ ತಿಳಿಸಲು ನೋಡಿದೆ.

"ಎಂದ ಏರಿ?"

ಬಾಲ್ಕನಿಗೆ ಕರೆದುಕೊಂಡು ಹೋಗಿ ರಸ್ತೆಯ ಬೋರ್ಡು ತೋರಿಸಿದೆ. ಅಕ್ಷರ ಅಕ್ಷರವಾಗಿ ಓದಿದಳು, ಲೇಕ್ ವ್ಯೂ. ಬೋರ್ಡಿನ ಕೆಳಗೆ ಮೆಟ್ರೋ ವಾಟರ್ ಲಾರಿ ಬಂದು ನಿಂತಿತ್ತು. ಪ್ಲಾಸ್ಟಿಕ್ ಕೊಡಗಳ ಸಾಲು, ಪೈಪಿನಿಂದ ಸೋರಿದ ನೀರು ಮೋರಿಯ ಕಡೆ ಹರಿಯುತ್ತಿತ್ತು. ಹುಡುಗಿ ಬೋರ್ಡನ್ನು ನೋಡಿದಳು, ಲಾರಿಯನ್ನು ನೋಡಿದಳು, "ಓ" ಎಂದಳು. ಆಮೇಲೆ ಕಂಬಿಯ ಮೇಲೆ ತಾಳ ಹಾಕುತ್ತ ಮತ್ತೆ ಮೊದಲಿನಿಂದ ಹಾಡಿದಳು. ಗ ಸರಿಯಾಗಿ ಬಂತು.